ಮಾಂಯ್ ನಡೆಸಿದ ಜುಬಿಲಿ

ಮೊನ್ನೆ ಮಗ ಬಟ್ಟೆ ಅಂಗಡಿಯಿಂದ ಬಂದವನು ಚೀಲವೊಂದನ್ನು ಮೇಜಿನ ಮೇಲಿಟ್ಟ. ಹೊಸ ಅಚ್ಚಿನ ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಚಿನ್ನದ ಬಣ್ಣದ ದಪ್ಪ ಅಕ್ಷರಗಳಲ್ಲಿ ‘ಜುಬಿಲಿ ವರ್ಷದ ಮಹಾ ರಿಯಾಯಿತಿ’ ಎಂದಿತ್ತು. ಎಷ್ಟನೆಯ ವರ್ಷದ ಜುಬಿಲಿಯೋ ನೋಡೋಣವೆಂದು ಕನ್ನಡಕ ಏರಿಸಿಕೊಂಡು ಹುಡುಕಿದೆ. ಕೆಳಗೆ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಿದ್ದರೆ ಒಳ್ಳೆಯದು ಎಂಬಷ್ಟು ಸಣ್ಣದಾಗಿ, ಏಳನೆಯ ವರ್ಷ ಎಂದು ಬರೆದಿದ್ದರು. ಏಳು! ನನ್ನ ಮೊಣಕಾಲು ನೋವಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ. ಅದಕ್ಕೆ ಇದುವರೆಗೆ ಯಾರೂ ಜುಬಿಲಿ ಮಾಡಿಲ್ಲ.

ನೀವೂ ಗಮನಿಸಿರಬಹುದು, ಈಚೆಗೆ ಈ ಪದ ತುಂಬ ಅಗ್ಗವಾಗಿದೆ. ಹಿಂದೆ ಇಪ್ಪತ್ತೈದಾದರೆ ಬೆಳ್ಳಿಹಬ್ಬ, ಐವತ್ತಾದರೆ ಚಿನ್ನದ ಹಬ್ಬ, ಅರವತ್ತು ದಾಟಿ ಇನ್ನೂ ಉಸಿರಾಡುತ್ತಿದ್ದರೆ ವಜ್ರದ್ದು. ಶಾಲೆಗಳಿಗೆ, ಸಂಘಗಳಿಗೆ, ಸನ್ಯಾಸಿನಿಯರಿಗೆ, ಜಗಳವಾಡುತ್ತಲೇ ಬಾಳಿದ ಗಂಡ ಹೆಂಡಿರಿಗೆ ಆ ಮರ್ಯಾದೆ ಸಲ್ಲುತ್ತಿತ್ತು. ಕನ್ನಡದಲ್ಲಿ ಚಂದವಾಗಿ ರಜತ ಮಹೋತ್ಸವ, ಸುವರ್ಣ ಮಹೋತ್ಸವ ಎನ್ನುತ್ತಿದ್ದರು. ಬಾಯಿ ತುಂಬುವ ಪದಗಳು. ಆದರೆ ಮಂಗಳೂರಿನ ಕೊಂಕಣಿ ಕ್ರೈಸ್ತರಾದ ನಮ್ಮ ಮನೆಗಳಲ್ಲಿ ಅವೆಲ್ಲ ಒಂದೇ, ಜುಬಿಲಿ. ಜುಬಿಲಿ ಎಂದರೆ ಪೆಂಡಾಲು, ಬ್ಯಾಂಡು, ಹಂದಿಮಾಂಸದ ಸಾರು, ಮತ್ತು ಯಾರದೋ ಉದ್ದ ಭಾಷಣ. ಅದಕ್ಕಿಂತ ಹೆಚ್ಚಿನ ಅರ್ಥ ಅದಕ್ಕೆ ಉಂಟೆಂದು ನನಗೆ ಗೊತ್ತಾದದ್ದು ಹತ್ತನೆಯ ವಯಸ್ಸಿನಲ್ಲಿ, ನಮ್ಮ ಅಜ್ಜಿಯ ದೆಸೆಯಿಂದ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿಜೈಯಲ್ಲಿ ನಮ್ಮದು ಹೆಂಚಿನ ಮನೆ. ಅಪ್ಪನ ತಾಯಿಯನ್ನು ನಾವು ಮಾತ್ರವಲ್ಲ, ಸೊಸೆಯಿಂದ ಹಿಡಿದು ಮೀನು ಮಾರುವವಳವರೆಗೆ ಹೆಚ್ಚುಕಡಿಮೆ ಎಲ್ಲರೂ ಮಾಂಯ್ ಎಂದೇ ಕರೆಯುತ್ತಿದ್ದರು. ಕುಳ್ಳಗಿನ ಹೆಂಗಸು. ಧ್ವನಿ ಮಾತ್ರ ಕುಳ್ಳಗಿರಲಿಲ್ಲ. ಅಪ್ಪ ಶಾಲಾ ಮಾಸ್ಟರರು, ಜತೆಗೆ ನಮ್ಮ ವಾರ್ಡಿನ ಗುರ್ಕಾರ. ಗುರ್ಕಾರ ಎಂದರೆ ಇಗರ್ಜಿಯ, ಅಂದರೆ ಚರ್ಚಿನ, ಪರವಾಗಿ ಸುತ್ತಲಿನ ಮನೆಗಳ ಸುಖದುಃಖ ನೋಡಿಕೊಳ್ಳುವ ಹಿರಿಯ. ಹುದ್ದೆ ಅಪ್ಪನದು, ದರ್ಬಾರು ಮಾಂಯ್‌ಳದು.

ಆ ವರ್ಷ ನಮ್ಮ ಇಗರ್ಜಿಗೆ ಇಪ್ಪತ್ತೈದು ತುಂಬಿತು. ಒಂದು ಭಾನುವಾರ ವಿಗಾರರು, ಅಂದರೆ ನಮ್ಮ ಮುಖ್ಯ ಪಾದ್ರಿ, ಜುಬಿಲಿಯ ಬಗ್ಗೆಯೇ ಪ್ರಸಂಗ ಮಾಡಿದರು. ಆಗ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ. ಅದರಲ್ಲಿ ನಮಗೆ ತಿಳಿಯುತ್ತಿದ್ದದ್ದು ‘ಆಮೆನ್’ ಒಂದೇ. ಪ್ರಸಂಗ ಕೊಂಕಣಿಯಲ್ಲಿ ಇರುತ್ತಿದ್ದುದರಿಂದ ಗಂಡಸರು ಆ ಹೊತ್ತಿಗೆ ಸರಿಯಾಗಿ ಹೊರಗೆ ಬೀಡಿ ಸೇದಲು ಹೋಗುತ್ತಿದ್ದರು, ಹೆಂಗಸರು ಕೇಳುತ್ತಿದ್ದರು. ಪೂರ್ವಕಾಲದಲ್ಲಿ ಯೆಹೂದ್ಯರು ಐವತ್ತನೆಯ ವರ್ಷ ಬಂದಾಗ ಟಗರಿನ ಕೊಂಬು ಊದುತ್ತಿದ್ದರಂತೆ. ಆ ಕೊಂಬಿನ ಹೆಸರೇ ಜುಬಿಲಿಯ ಮೂಲವಂತೆ. ಕೊಂಬಿನ ದನಿ ಕೇಳಿದ ಮೇಲೆ ಹೊಲಗಳಿಗೆ ಆ ವರ್ಷ ವಿಶ್ರಾಂತಿ. ಕೈ ಬದಲಿಸಿದ ಭೂಮಿ ಮೊದಲಿನ ಮನೆಗೆ ವಾಪಸು. ಇನ್ನೊಬ್ಬರ ಮನೆಯಲ್ಲಿ ದುಡಿಯುತ್ತಿದ್ದವರು ತಮ್ಮ ತಮ್ಮ ಮನೆಗೆ. “ನೀವೆಲ್ಲ ಬ್ಯಾಂಡಿನವರನ್ನು ಗೊತ್ತು ಮಾಡಿದ್ದೀರಿ, ಸಂತೋಷ. ಬೇರೆಯವರದ್ದು ನಿಮ್ಮ ಮನೆಯಲ್ಲಿ ಎಂತೆಲ್ಲ ಉಂಟು ಅಂತ ಒಮ್ಮೆ ನೋಡಿದ್ದೀರಾ?” ಎಂದು ಅವರು ಕೇಳಿದಾಗ ಮಾಂಯ್ ತಟ್ಟನೆ ತಲೆಯೆತ್ತಿದ್ದನ್ನು ನಾನು ನೋಡಿದೆ.

ಪಾಪ, ಅವರು ಆತ್ಮದ ವಿಷಯ ಹೇಳುತ್ತಿದ್ದಿರಬೇಕು. ಮಾಂಯ್‌ಗೆ ನೆನಪಾದದ್ದು ಏಣಿ.

ಮನೆಗೆ ಬಂದವಳೇ ತಲೆಗೆ ಹೊದ್ದ ಬಿಳಿ ವಸ್ತ್ರವನ್ನೂ ತೆಗೆಯದೆ ಜಗಲಿಯಲ್ಲಿ ಕೂತು ಲೆಕ್ಕ ಶುರುಮಾಡಿದಳು. ಹಿತ್ತಿಲಲ್ಲಿ ಒರಗಿಸಿದ್ದ ಏಣಿ ಬೇಕರಿಯವರದ್ದು. ಬಚ್ಚಲಿನ ತಾಮ್ರದ ಹಂಡೆ ಅಪ್ಪನ ಮದುವೆಗೆಂದು ತಂದದ್ದು, ಅಪ್ಪನ ತಲೆಯ ಕೂದಲು ಹೋದರೂ ಅದು ಹೋಗಿರಲಿಲ್ಲ. ಕೋಳಿಗೂಡು ಒಂದು, ಹಾರೆ ಒಂದು, ಬೀಗವಿಲ್ಲದ ಟ್ರಂಕು ಒಂದು. ಪಕ್ಕದ ಮನೆಯ ಕಲ್ಯಾಣಕ್ಕನ ಹಿತ್ತಾಳೆಯ ಸೇರು ಹದಿನಾಲ್ಕು ವರ್ಷಗಳಿಂದ ನಮ್ಮ ಅಕ್ಕಿ ಅಳೆಯುತ್ತಿತ್ತು. ಮಾಂಯ್‌ಳೇನೂ ಕಳ್ಳಿಯಲ್ಲ. ಆಗ ಮನೆಗಳ ನಡುವೆ ಸಾಮಾನು ಹಾಗೆಯೇ ಓಡಾಡುತ್ತಿತ್ತು, ಎಲ್ಲಿ ದಣಿಯಿತೋ ಅಲ್ಲಿ ನಿಲ್ಲುತ್ತಿತ್ತು.

“ಗುರ್ಕಾರನ ಮನೆಯಿಂದಲೇ ಶುರುವಾಗಬೇಕು. ಎಲ್ಲ ವಾಪಸ್ ಮಾಡುವುದು,” ಎಂದಳು.

“ಐವತ್ತಕ್ಕೆ ಪೂರ್ತಿ ಅಂತ ಹೇಳಿದ್ದು. ನಮ್ಮದು ಇಪ್ಪತ್ತೈದು. ಅರ್ಧ ಕೊಟ್ಟರೆ ಸಾಕಲ್ವಾ ಮಾಂಯ್?” ಎಂದರು ಅಪ್ಪ.

“ಏಣಿ ಅರ್ಧ ತುಂಡು ಮಾಡಿ ಕೊಡುವುದಾ ಮಾರಾಯ? ಸುಮ್ಮನೆ ಕೂತ್ಕೊ.”

ಅಂದೇ ಮೆರವಣಿಗೆ ಹೊರಟಿತು. ಮುಂದೆ ಮಾಂಯ್, ಹಿಂದೆ ಹಂಡೆ ಹೊತ್ತ ಅಣ್ಣ, ಕೊನೆಯಲ್ಲಿ ಸೇರು ಹಿಡಿದ ನಾನು. ಆದರೆ ಇಲ್ಲೊಂದು ತೊಡಕು. ನಮ್ಮ ಕಡೆ ಯಾರ ಪಾತ್ರೆಯನ್ನೂ ಖಾಲಿ ಹಿಂದಿರುಗಿಸುವ ಕ್ರಮವಿಲ್ಲ. ಕ್ರೈಸ್ತರಾಗಲಿ, ತುಳು ಮಾತಾಡುವ ಹಿಂದೂಗಳಾಗಲಿ, ಬ್ಯಾರಿಗಳಾಗಲಿ, ಏನಾದರೂ ಹಾಕಿಯೇ ಕೊಡಬೇಕು. ಹಂಡೆಯಲ್ಲಿ ಬಾಳೆಗೊನೆ ಹೋಯಿತು. ಸೇರಿನಲ್ಲಿ ಬೆಲ್ಲ ಹೋಯಿತು. ಬೇಕರಿಯವರ ಏಣಿಯಲ್ಲಿ ತುಂಬಿಸಲು ಜಾಗವಿಲ್ಲದ್ದರಿಂದ ಮಾಂಯ್ ಅದರ ಮೆಟ್ಟಿಲಿಗೆ ಒಂದು ಹಲಸಿನಕಾಯಿ ಕಟ್ಟಿ ಕಳಿಸಿದಳು. ಪಡೆದವರು ಸುಮ್ಮನಿರುತ್ತಾರೆಯೇ? ಬೇಕರಿಯವರು ಒಂದು ಬುಟ್ಟಿ ತುಂಬ ಬನ್ನು ಕೊಟ್ಟರು. ಹಂಡೆಯ ಮನೆಯವರು ಪಿಂಗಾಣಿ ಬಸಿಯಲ್ಲಿ ಉಪ್ಪಿನಕಾಯಿ ಕೊಟ್ಟರು. ಕಲ್ಯಾಣಕ್ಕ ಸ್ಟೀಲಿನ ಡಬ್ಬದಲ್ಲಿ ಅವಲಕ್ಕಿ ಕೊಟ್ಟಳು. ಈಗ ಬುಟ್ಟಿ, ಬಸಿ, ಡಬ್ಬ ಹಿಂದಿರುಗಿಸಬೇಕಲ್ಲ, ಅವನ್ನು ಖಾಲಿ ಕೊಡುವುದು ಹೇಗೆ? ವಾರ ಕಳೆಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಮೊದಲಿಗಿಂತ ಹೆಚ್ಚು ಬೇರೆಯವರ ಸಾಮಾನಿತ್ತು. ಕಂಡವರ ಮನೆಯ ತಿಂಡಿ ತಿಂದು ನಾವು ಮಕ್ಕಳು ಬೀಗಿದೆವು.

ಅಷ್ಟರಲ್ಲಿ ಸುದ್ದಿ ಹಬ್ಬಿ, ನಮ್ಮ ಮನೆಯಿಂದ ಹೋದ ಸಾಮಾನೂ ಬರತೊಡಗಿತ್ತು. “ಬಾಯಮ್ಮ, ನಿಮ್ಮ ಜುಬಿಲಿ ನಮಗೂ ಉಂಟಾ?” ಎಂದು ಕೇಳಿಕೊಂಡು, ಮಾಂಯ್‌ಳನ್ನು ಬಾಯಮ್ಮ ಎಂದೇ ಕರೆಯುತ್ತಿದ್ದ ಕಲ್ಯಾಣಕ್ಕ ನಮ್ಮ ತುರಿಮಣೆ ತಂದಳು. ಅದು ನಮ್ಮದೆಂಬುದು ಮಾಂಯ್‌ಗೇ ಮರೆತುಹೋಗಿತ್ತು.

ಇಷ್ಟೆಲ್ಲ ಬುಟ್ಟಿ ತುಂಬಿಸಿದ್ದು, ಬಸಿ ತೊಳೆದದ್ದು, ಯಾವುದು ಯಾರದ್ದೆಂದು ನೆನಪಿಟ್ಟುಕೊಂಡದ್ದು ನತಾಲ್ ಬಾಯಿ. ಅವಳ ವಿಷಯ ಇಷ್ಟು ಹೊತ್ತಾದರೂ ಹೇಳಲಿಲ್ಲ ನೋಡಿ. ನಮ್ಮ ಮನೆಯಲ್ಲೂ ಹಾಗೆಯೇ, ಅವಳ ಸುದ್ದಿ ಬರುತ್ತಿದ್ದದ್ದು ಕೊನೆಗೆ. ಅವಳು ಮಾಂಯ್‌ಳ ತಮ್ಮನ ಮಗಳು. ದೇರೆಬೈಲಿನಲ್ಲಿ ದರ್ಜಿಯಾಗಿದ್ದ ಆ ತಮ್ಮ ಮತ್ತು ಅವನ ಹೆಂಡತಿ ಬೇಗ ತೀರಿಕೊಂಡಿದ್ದರು. ಹದಿನಾರರ ನತಾಲಳನ್ನು, ನನ್ನ ದೊಡ್ಡಣ್ಣ ಹುಟ್ಟಿದಾಗ ಬಾಣಂತಿಯ ಸಹಾಯಕ್ಕೆಂದು ಮೂರು ತಿಂಗಳ ಮಟ್ಟಿಗೆ ಕರೆಸಿದ್ದರು. ತನ್ನ ಅಪ್ಪನ ಹೊಲಿಗೆ ಮೆಷಿನ್ನನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದಿದ್ದಳಂತೆ. ದೊಡ್ಡಣ್ಣನ ನಂತರ ನಾವು ಐದು ಮಂದಿ ಹುಟ್ಟಿದೆವು. ಆ ಮೂರು ತಿಂಗಳು ಮುಗಿಯಲೇ ಇಲ್ಲ.

ನಮ್ಮ ಲಂಗ, ಅಂಗಿ, ತಲೆದಿಂಬಿನ ಚೀಲ ಎಲ್ಲ ಅವಳು ಹೊಲಿದವು. ನಮಗೆ ಜ್ವರ ಬಂದರೆ ಅವಳ ಕೈ ಬೇಕು. ನಾನಂತೂ, ಅವಳ ‘ಬಾಯೆ’ ಅಂದರೆ ಪುಟ್ಟಿ, ಅವಳ ಸೆರಗು ಹಿಡಿಯದೆ ಮಲಗಿದವಳಲ್ಲ. ಮೆಷಿನ್ನು ನಡುಮನೆಯಲ್ಲಿ ಮಾಂಯ್ ಹೆಣೆದ ಲೇಸಿನ ಹೊದಿಕೆ ಹೊದ್ದು ಕೂತಿತ್ತು. ‘ನಮ್ಮ ಮೆಷಿನ್’ ಎಂದೇ ಎಲ್ಲರೂ ಹೇಳುತ್ತಿದ್ದೆವು, ‘ನಮ್ಮ ನತಾಲ್’ ಎಂದು ಹೇಳುವ ಹಾಗೆ.

ಹಬ್ಬಕ್ಕೆ ಒಂದು ವಾರ ಇರುವಾಗ, ಸಂಜೆಯ ಜಪಮಾಲೆ ಮುಗಿದ ಮೇಲೆ, ಮಾಂಯ್ ನಮ್ಮನ್ನೆಲ್ಲ ಕೂರಿಸಿಕೊಂಡು ತೃಪ್ತಿಯಿಂದ ಸುತ್ತ ನೋಡಿದಳು. ಇನ್ನು ಪಾತ್ರೆಯಲ್ಲಿ ಏನೂ ಹಾಕಿ ಕೊಡಬೇಡಿ ಎಂದು ಬೇಡಿಕೊಂಡು, ಕೊನೆಯ ಬಸಿಯನ್ನೂ ಅದರ ಮನೆಗೆ ಮುಟ್ಟಿಸಿ ಆಗಿತ್ತು.

“ಇನ್ನು ಈ ಮನೆಯಲ್ಲಿ ಬೇರೆಯವರದ್ದು ಎಂತಾದರೂ ಉಂಟಾ? ಇದ್ದರೆ ಈಗಲೇ ಹೇಳಿ.”

ಬಾಗಿಲ ಬಳಿ ಕೂತಿದ್ದ ನತಾಲ್ ಬಾಯಿ ಜಪಮಾಲೆಯನ್ನು ಮಡಚಿ ಡಬ್ಬಿಗೆ ಹಾಕುತ್ತಾ, “ಉಂಟು ಮಾಂಯ್,” ಎಂದಳು.

“ಎಂತದು?”

“ಮೆಷಿನ್. ಮತ್ತೆ ನಾನು.”

ಅಪ್ಪ ನಗಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ನತಾಲ್ ಬಾಯಿ ತಮಾಷೆ ಮಾಡುತ್ತಿರಲಿಲ್ಲ. ಮಣ್ಣಗುಡ್ಡದಲ್ಲಿ ಒಬ್ಬ ವಿಧವೆಯ ಮನೆಯ ಪಕ್ಕಕ್ಕೆ ಒಂದು ಕೋಣೆ ಖಾಲಿ ಇದೆಯೆಂದೂ, ಅಲ್ಲಿ ಹೊಲಿಗೆ ಮಾಡಿಕೊಂಡು ಇರಬೇಕೆಂದು ಆಸೆಯೆಂದೂ ನಿಧಾನವಾಗಿ ಹೇಳಿದಳು. ಪಾದ್ರಿ ಹೇಳಿದ ದಿನದಿಂದ ಹೇಳಬೇಕು ಎಂದುಕೊಂಡಿದ್ದಳಂತೆ. ಸಾಮಾನೆಲ್ಲ ಮುಗಿಯಲಿ ಎಂದು ಕಾದಳಂತೆ.

“ನಿನಗೆ ಇಲ್ಲಿ ಎಂತ ಕಡಿಮೆ ಆಯ್ತು?” ಮಾಂಯ್‌ಳ ದನಿ ಏರಿತು.

“ಎಂತದ್ದೂ ಕಡಿಮೆ ಇಲ್ಲ ಮಾಂಯ್. ಒಂದು ಬಾಗಿಲು ಇಲ್ಲ. ನಾನು ಒಳಗಿನಿಂದ ಹಾಕಿಕೊಳ್ಳುವ ಒಂದು ಬಾಗಿಲು.”

ನಿಜ. ಅವಳು ಮಲಗುತ್ತಿದ್ದದ್ದು ನಡುಮನೆಯಲ್ಲಿ, ನಮ್ಮ ಸಾಲಿನ ಕೊನೆಯಲ್ಲಿ. ಅವಳ ಬಟ್ಟೆಗಳು ನಮ್ಮ ಪೆಟ್ಟಿಗೆಯಲ್ಲೇ, ಅಡಿಯಲ್ಲಿ. ಹತ್ತು ವರ್ಷ ಅವಳ ಪಕ್ಕದಲ್ಲಿ ಮಲಗಿದ ನನಗೆ ಅದು ಒಂದು ದಿನವೂ ವಿಚಿತ್ರವೆನಿಸಿರಲಿಲ್ಲ. ಎನಿಸುವುದೇಕೆ, ನನಗೆ ಬೇಕಾದಾಗೆಲ್ಲ ಅವಳು ಕೈಗೆ ಸಿಗುತ್ತಿದ್ದಳು.

ಮಾಂಯ್ ಎರಡು ದಿನ ಮಾತು ಬಿಟ್ಟಳು. ಆ ಎರಡು ದಿನ ಸಾರಿಗೆ ಉಪ್ಪು ಹೆಚ್ಚು, ಗಂಜಿ ತಳ ಹಿಡಿದದ್ದು. ಅಮ್ಮ ನತಾಲ್ ಬಾಯಿಯ ಮುಖ ನೋಡಲಾರದೆ ಪಾತ್ರೆಗಳನ್ನು ತಾನೇ ತೊಳೆಯತೊಡಗಿದಳು. ನಾನು ಮಾಡಿದ್ದು ಇನ್ನೂ ಘನಕಾರ್ಯ. ಮೆಷಿನ್ನಿನ ಬಾಬಿನ್ ಕೇಸು, ಕೆಳಗಿನ ನೂಲು ಇಡುವ ಆ ಪುಟ್ಟ ಕಬ್ಬಿಣದ ಡಬ್ಬಿ, ಕದ್ದು ಅಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟೆ. ಅದಿಲ್ಲದೆ ಮೆಷಿನ್ನು ನಡೆಯದು, ಮೆಷಿನ್ನು ನಡೆಯದಿದ್ದರೆ ನತಾಲ್ ಬಾಯಿ ಹೋಗಲಾರಳು. ಹತ್ತರ ಬುದ್ಧಿಗೆ ಇದಕ್ಕಿಂತ ಭದ್ರವಾದ ಉಪಾಯ ಬೇರೆ ಹೊಳೆಯಲಿಲ್ಲ.

ಮೂರನೆಯ ದಿನ ಮಾಂಯ್ ಬೇಲಿಯ ಬಳಿ ನಿಂತು ಕಲ್ಯಾಣಕ್ಕನ ಹತ್ತಿರ ದೂರು ಹೇಳಿಕೊಂಡಳು. ಇಪ್ಪತ್ತನಾಲ್ಕು ವರ್ಷ ಮಗಳ ಹಾಗೆ ನೋಡಿಕೊಂಡೆ, ಈಗ ಹೊರಟು ನಿಂತಿದ್ದಾಳೆ, ಅವಳು ನಮ್ಮವಳಲ್ಲದೆ ಇನ್ನಾರವಳು, ಎಂದೆಲ್ಲ. ಕಲ್ಯಾಣಕ್ಕ ಮಲ್ಲಿಗೆ ಕೊಯ್ಯುತ್ತಿದ್ದವಳು ಕೊಯ್ಯುತ್ತಲೇ ಕೇಳಿದಳು.

“ಬಾಯಮ್ಮ, ನನ್ನ ಸೇರು ಹದಿನಾಲ್ಕು ವರ್ಷ ನಿಮ್ಮಲ್ಲಿ ಇತ್ತಲ್ವಾ?”

“ಇತ್ತು. ಕೊಟ್ಟೆನಲ್ಲ.”

“ನೀವು ಚಂದ ನೋಡಿಕೊಂಡಿರಿ. ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಇಟ್ಟಿರಿ. ಹಾಗಂತ ಅದು ನಿಮ್ಮದಾಯ್ತಾ?”

ಮಾಂಯ್ ಬೇಲಿ ಬಿಟ್ಟು ಬಂದಳು. ನೇರ ಬಾವಿಕಟ್ಟೆಗೆ ಹೋಗಿ ಸೋಪು ತರಲು ನನಗೆ ಹೇಳಿದಳು. ಮದುವೆಯ ದಿನದಿಂದ ಕೈಯಲ್ಲಿದ್ದ ಎರಡು ಚಿನ್ನದ ಬಳೆಗಳನ್ನು ತೆಗೆಯಲು ನೊರೆ ಹಚ್ಚಿ ತಿರುಚತೊಡಗಿದಳು. ಕೈ ದಪ್ಪವಾಗಿತ್ತು, ಬಳೆ ಬರಲೊಲ್ಲದು. ಅಮ್ಮ ಓಡಿಬಂದು, “ಎಂತ ಮಾಡ್ತಾ ಇದ್ದೀರಿ ಮಾಂಯ್?” ಎಂದಳು.

“ಇಷ್ಟು ವರ್ಷ ಇಟ್ಟುಕೊಂಡದ್ದನ್ನು ಖಾಲಿ ಕಳಿಸುವುದು ಹೇಗೆ?” ಎಂದಳು ಮಾಂಯ್. ಹೇಳುತ್ತಾ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೋಪು ಕಣ್ಣಿಗೆ ಹೋಯಿತು ಎಂದು ಆಮೇಲೆ ಎಲ್ಲರಿಗೂ ಹೇಳಿದಳು.

ಹೊರಡುವ ದಿನ ಕೈಗಾಡಿ ಬಂತು. ಮೆಷಿನ್ನಿನ ಜತೆ ಚಾಪೆ, ಹುಲ್ಲಿನಲ್ಲಿ ಬಿಗಿದು ಕಟ್ಟಿದ ಎರಡು ಮುಡಿ ಅಕ್ಕಿ, ಉಪ್ಪಿನಕಾಯಿಯ ಭರಣಿ, ಅಮ್ಮನ ಎರಡು ಒಳ್ಳೆಯ ಸೀರೆ, ಅಪ್ಪ ಮಾಡಿಸಿಕೊಟ್ಟ ಒಂದು ಬೆಂಚು. ಅಪ್ಪ ಬಾಗಿಲಿಗೆ ಹಾಕಲೆಂದು ಒಂದು ಚಿಲಕವನ್ನೂ ತಂದಿದ್ದರು. ಮಾಂಯ್ ಬಳೆಗಳನ್ನು ಕೊಟ್ಟಾಗ ನತಾಲ್ ಬಾಯಿ ಒಂದನ್ನು ತೊಟ್ಟುಕೊಂಡು ಇನ್ನೊಂದನ್ನು ಮಾಂಯ್‌ಳ ಕೈಗೇ ಇಟ್ಟು, “ಇಪ್ಪತ್ತೈದಕ್ಕೆ ಅರ್ಧ ಸಾಕಂತೆ ಮಾಂಯ್, ಗುರ್ಕಾರರು ಹೇಳಿದ್ದಾರೆ,” ಎಂದಳು. ಎಲ್ಲರೂ ನಕ್ಕರು. ಮಾಂಯ್ ಕೂಡ.

ನನಗೆ ನಗು ಬರಲಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ಡ್ರಮ್ಮಿಗೆ ಒರಗಿ ಕೂತಿದ್ದೆ. ನತಾಲ್ ಬಾಯಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಬಾಬಿನ್ ಕೇಸು ನಿನ್ನ ಹತ್ತಿರ ಉಂಟಲ್ವಾ?”

ನಾನು ಡ್ರಮ್ಮಿಗೆ ಇನ್ನೂ ಒತ್ತಿ ಕೂತೆ.

“ಕೊಡದಿದ್ದರೆ ಬೈಯುವುದಿಲ್ಲ. ಬೇರೆ ತೆಗೊಳ್ತೇನೆ. ಆದರೆ ಹೋಗ್ತೇನೆ ಬಾಯೆ. ಎರಡು ಮೈಲಿ ಕೂಡ ಇಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ನೀನೇ ನಡೆದುಕೊಂಡು ಬಾ.”

ನಾನು ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಹಾಕಿ ತೆಗೆದೆ. ಕೊಡುವಾಗ ಮಾಂಯ್‌ಳ ಕ್ರಮ ನೆನಪಾಯಿತು. ಖಾಲಿ ಕೊಡಬಾರದು. ಲಂಗದ ಜೇಬಿನಲ್ಲಿ ಒಂದು ಪೆಪ್ಪರ್‌ಮಿಂಟು ಇತ್ತು, ಅರ್ಧ ಚೀಪಿದ್ದು. ಅದನ್ನೂ ಅದರ ಜತೆಗೆ ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ನನ್ನ ಮುಂದೆಯೇ ಬಾಯಿಗೆ ಹಾಕಿಕೊಂಡಳು. ಆಮೇಲೆ ಎಷ್ಟೋ ಜುಬಿಲಿ ಊಟ ಉಂಡಿದ್ದೇನೆ. ಅಷ್ಟು ಗಂಭೀರವಾಗಿ ಯಾರೂ ಏನನ್ನೂ ತಿಂದದ್ದು ನೋಡಿಲ್ಲ.

ಇಗರ್ಜಿಯ ಹಬ್ಬವೂ ಆಯಿತು. ಬ್ಯಾಂಡಿನವರು ಚೆನ್ನಾಗಿಯೇ ಊದಿದರು, ಭಾಷಣಗಳು ಉದ್ದವಾಗಿಯೇ ಇದ್ದವು. ನನಗೆ ನೆನಪಿರುವುದು ಅದಾದ ಮೇಲಿನ ಒಂದು ಶನಿವಾರ. ಮಾಂಯ್ ನನ್ನನ್ನು ಕರೆದುಕೊಂಡು ಮಣ್ಣಗುಡ್ಡಕ್ಕೆ ನಡೆದಳು. ಒಳಗಿನಿಂದ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಬಾಗಿಲು ಮುಚ್ಚಿತ್ತು. ಇಡೀ ಬಿಜೈಯಲ್ಲಿ ಯಾವ ಮನೆಗೂ ಕೇಳಿ ಒಳಗೆ ಹೋದವಳಲ್ಲ ನನ್ನ ಅಜ್ಜಿ. ಅಂದು ಮೆಟ್ಟಿಲ ಮೇಲೆ ನಿಂತು ಸೆರಗು ಸರಿಮಾಡಿಕೊಂಡು, ಎರಡು ಸಲ ಬಾಗಿಲು ತಟ್ಟಿ, “ನತಾಲ್, ಒಳಗೆ ಬರಬಹುದಾ?” ಎಂದಳು. ಮೆಷಿನ್ನು ನಿಂತಿತು. ಬಾಗಿಲು ತೆರೆಯಲು ಸ್ವಲ್ಪ ಹೊತ್ತಾಯಿತು. ಬಂದವಳ ಕತ್ತಿನಲ್ಲಿ ಅಳತೆಯ ಟೇಪು, ಸೆರಗಿಗೆ ಗುಂಡುಸೂಜಿ. ನಮ್ಮ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಎಲ್ಲರಿಗೂ ಚಾ ಕೊಟ್ಟವಳು ಅಂದು ಮೊದಲ ಸಲ ನಮ್ಮನ್ನು “ಕೂತ್ಕೊಳ್ಳಿ” ಎಂದಳು. ಅದೇ ಚಾ. ಹೆಚ್ಚು ರುಚಿಯಾಗಿತ್ತೆಂದು ಮಾಂಯ್ ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಮುಂದೆ ಊರಿನ ಎಷ್ಟೋ ಮದುವಣಗಿತ್ತಿಯರ ಉಡುಪು ಆ ಕೋಣೆಯಲ್ಲೇ ತಯಾರಾಯಿತು. ನನ್ನದೂ. ಅಳತೆ ತೆಗೆಯುವಾಗ, “ಉಸಿರು ಬಿಡು ಬಾಯೆ, ನಿನಗೆ ಉಸಿರಾಡಲಿಕ್ಕೂ ಸ್ವಲ್ಪ ಜಾಗ ಇಡ್ತೇನೆ,” ಎಂದಿದ್ದಳು.

ಇಷ್ಟು ಬರೆದು ಮೇಲೆ ನೋಡಿದೆ. ಅಡುಗೆಮನೆಯಲ್ಲಿ ಸೊಸೆ ನನ್ನ ಕಾಲಿಗೆ ಎಣ್ಣೆ ಬಿಸಿ ಮಾಡುತ್ತಿದ್ದಳು. ನಾನು ಬಚ್ಚಲಲ್ಲಿ ಜಾರಿಬಿದ್ದ ಮೇಲೆ ಇದು ದಿನವೂ ಸಂಜೆಯ ಕೆಲಸ. ಮೂರು ವರ್ಷವಾಯಿತು. ಮೊದಲು ಡಾಕ್ಟರು ಮೂರು ತಿಂಗಳು ಎಂದಿದ್ದರು.

ಮೂರು ತಿಂಗಳು. ನಾನೇ ಬರೆದ ಮಾತು ನನಗೇ ಚುಚ್ಚಿತು. ನತಾಲ್ ಬಾಯಿಯ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿಲ್ಲ! ಹೇಳುವಾಗಲೆಲ್ಲ ಮಾಂಯ್‌ಳ ಕಡೆಯೂ, ಕಲ್ಯಾಣಕ್ಕನ ಕಡೆಯೂ ನಿಂತು ನ್ಯಾಯ ತೀರಿಸಿದ್ದೇನೆ. ಒಮ್ಮೆಯೂ ನನ್ನ ಮನೆಯೊಳಗೆ ತಿರುಗಿ ನೋಡಿರಲಿಲ್ಲ.

ಸೊಸೆ ಎಣ್ಣೆ ತಂದು ಕೆಳಗೆ ಕೂತಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

“ನೋವುಂಟಾ ಮಮ್ಮಿ?”

“ನೋವಲ್ಲ. ಒಂದು ಕೇಳ್ತೇನೆ, ಬೇಸರ ಮಾಡಬೇಡ. ಈ ಸಂಜೆ ಹೊತ್ತು ನಿನ್ನದೇ ಆಗಿದ್ದರೆ ನೀನು ಎಂತ ಮಾಡ್ತಿದ್ದೆ?”

“ಬುಧವಾರ, ಶುಕ್ರವಾರ ಇಗರ್ಜಿಯಲ್ಲಿ ಕ್ವಾಯರ್ ಪ್ರಾಕ್ಟೀಸ್ ಉಂಟು,” ಎಂದಳು. “ಆರೂಕಾಲಕ್ಕೆ ಶುರು, ಏಳೂವರೆಗೆ ಮುಗೀತದೆ. ಈಗ ಆಲ್ಟೋ ದನಿಯಲ್ಲಿ ಹಾಡಲಿಕ್ಕೆ ಜನ ಇಲ್ಲ ಅಂತೆ.”

ಯೋಚಿಸಲು ಅವಳು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ದಿನ, ಹೊತ್ತು, ಎಲ್ಲ ಬಾಯಲ್ಲೇ ಇತ್ತು. ಮೂರು ವರ್ಷದಿಂದ ಆ ಉತ್ತರ ಹೀಗೆಯೇ ಸಿದ್ಧವಾಗಿ ಕೂತಿತ್ತು, ಕೇಳಿದವರು ಯಾರೂ ಇರಲಿಲ್ಲ.

ಇವತ್ತು ಬುಧವಾರ. ಗಡಿಯಾರದಲ್ಲಿ ಆರು. ಎಣ್ಣೆಯ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು, ಬೇಗ ಹೊರಡು ಎಂದೆ.